ದುಡ್ಡು ಕೊಟ್ಟವನ ಕತ್ತಿ

ಓದುಗರ ಪ್ರಶ್ನೆಗಳು, ನನ್ನ ಉತ್ತರಗಳು

ಆನ್‌ಲೈನ್ ಆಟಗಳು ಉಚಿತವೆಂದು ಒಳಗೆ ಕರೆದು ಆಮೇಲೆ ದುಡ್ಡು ಕೇಳುತ್ತವಲ್ಲ, ಅದು ನ್ಯಾಯವೇ ಎಂದು ಕಳೆದ ತಿಂಗಳು ಒಬ್ಬರು ಕೇಳಿದ್ದರು. ಜಾಗ ಸಾಲದೆ ಮುಂದಕ್ಕೆ ಹಾಕಿದ್ದೆ. ಅಷ್ಟರಲ್ಲಿ ಅದೇ ವಿಷಯದ ಮೇಲೆ ಇನ್ನಷ್ಟು ಪತ್ರಗಳು ಬಂದವು. ಅರ್ಧ ಸಿಟ್ಟಿನವು, ಉಳಿದರ್ಧ ಆ ಸಿಟ್ಟಿನವರ ಮೇಲೆ ಸಿಟ್ಟಾದವು. ಈ ಅಂಕಣಕ್ಕೆ ಬರುವ ಮೊದಲು ನಾನು ಆಟ ತಯಾರಿಸುವ ಒಂದು ಕಂಪನಿಯಲ್ಲಿದ್ದೆ. ಮೊದಲು ಗ್ರಾಹಕರ ದೂರುಗಳಿಗೆ ಉತ್ತರ ಬರೆಯುತ್ತಿದ್ದೆ, ಆಮೇಲೆ ಆಯುಧಗಳ ಬಲಾಬಲ ಹೊಂದಿಸುವ ವಿಭಾಗಕ್ಕೆ ಹೋದೆ. ಆದ್ದರಿಂದ ಈ ಸಲ ಇಡೀ ಪುಟ ಇದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ಒಂದು ಯುದ್ಧದ ಆಟ ಆಡುತ್ತಿದ್ದೇನೆ, ಬಿಡಿಗಾಸು ಖರ್ಚು ಮಾಡಿಲ್ಲ. ಈಗ ನಿನ್ನೆ ಮೊನ್ನೆ ಬಂದವರು ದುಡ್ಡು ಕೊಟ್ಟು ಕತ್ತಿ ಕೊಂಡು ನನ್ನನ್ನು ಸೋಲಿಸುತ್ತಿದ್ದಾರೆ. ಕೇಳಿದರೆ, ‘ಆ ಕತ್ತಿ ಶೇಕಡಾ 12ರಷ್ಟು ಮಾತ್ರ ಜೋರು, ಪುಕ್ಕಟೆ ಆಡುವವನಿಗೆ ಇಷ್ಟೇಕೆ ಉರಿ’ ಎನ್ನುತ್ತಾರೆ. ಇದು ಅನ್ಯಾಯವೋ, ನನ್ನ ಹೊಟ್ಟೆಕಿಚ್ಚೋ?

ಹೊಟ್ಟೆಕಿಚ್ಚು ಇದ್ದರೂ ಇರಬಹುದು, ಆದರೆ ಅನ್ಯಾಯವಂತೂ ಹೌದು. ಶೇಕಡಾ 12ರ ಲೆಕ್ಕವನ್ನೇ ನೋಡೋಣ.

ಇಬ್ಬರಿಗೂ ಹೆಲ್ತ್, ಅಂದರೆ ಪ್ರಾಣದ ಅಂಕ, 1,000 ಎಂದಿಟ್ಟುಕೊಳ್ಳಿ. ನಿಮ್ಮ ಒಂದು ಏಟಿಗೆ 100 ಹೋಗುತ್ತದೆ, ಹಾಗಾಗಿ ಎದುರಾಳಿಯನ್ನು ಉರುಳಿಸಲು ಹತ್ತು ಏಟು ಬೇಕು. ಅವನ ಕತ್ತಿ ಶೇಕಡಾ 5 ಜೋರಿದ್ದರೆ ಒಂಬತ್ತು ಏಟಿಗೆ 945; ಹತ್ತನೆಯದು ಬೇಕೇ ಬೇಕು. ಶೇಕಡಾ 10 ಜೋರಿದ್ದರೆ 990, ಆಗಲೂ ಹತ್ತು. ಶೇಕಡಾ 11 ಆದರೆ 999. ನಿಮ್ಮಲ್ಲಿ ಒಂದೇ ಒಂದು ಅಂಕ ಉಳಿದಿರುತ್ತದೆ, ನೀವು ನಿಂತೇ ಇರುತ್ತೀರಿ. ಶೇಕಡಾ 12 ಆಯಿತೋ, ಒಂಬತ್ತು ಏಟಿಗೆ 1,008. ಆಟ ಮುಗಿಯಿತು. ಇಬ್ಬರೂ ಒಂದೇ ವೇಗದಲ್ಲಿ ಗುರಿ ತಪ್ಪದೆ ಹೊಡೆದರೆ, ನಿಮ್ಮ ಹತ್ತನೆಯ ಏಟು ಬೀಳುವ ಮೊದಲೇ ನೀವು ನೆಲದ ಮೇಲೆ. ಅವನು ಗೆಲ್ಲುವುದು ನೂರಕ್ಕೆ ಹನ್ನೆರಡು ಸಲವಲ್ಲ, ನೂರಕ್ಕೆ ನೂರು ಸಲ. ಶೇಕಡಾ 11ರ ಕತ್ತಿಗೂ 12ರ ಕತ್ತಿಗೂ ಇರುವ ಅಂತರ ಇದು. ಅಂಗಡಿಯ ಪುಟದಲ್ಲಿ ಕಾಣುವುದು ಶೇಕಡಾವಾರು. ನಮ್ಮ ವಿಭಾಗದ ಮೇಜಿನ ಮೇಲೆ ಇರುತ್ತಿದ್ದದ್ದು ಎಷ್ಟು ಏಟಿಗೆ ಸಾಯುತ್ತಾನೆ ಎಂಬ ಪಟ್ಟಿ. ಕತ್ತಿಯ ಬೆಲೆ ಗೊತ್ತಾಗುವುದು ಆ ಪಟ್ಟಿಯಲ್ಲಿ.

ನಿಜವಾದ ಆಟದಲ್ಲಿ ಗುರಿ ತಪ್ಪುತ್ತದೆ, ಅಡಗಿ ಕೂರಲು ಗೋಡೆಯಿರುತ್ತದೆ. ಎರಡು ವರ್ಷ ಪಳಗಿದ ನೀವು ಹೊಸಬನೊಬ್ಬನನ್ನು ಅವನ ಕತ್ತಿಯ ಸಮೇತ ಮಣ್ಣು ಮುಕ್ಕಿಸಬಹುದು. ಸೋತಾಗಲೆಲ್ಲ ‘ದುಡ್ಡಿನ ಗೆಲುವು’ ಎಂದು ಕೂಗುವವರಲ್ಲಿ ಅರ್ಧದಷ್ಟು ಜನರಿಗೆ ಆಟವೇ ಸರಿಯಾಗಿ ಬರುವುದಿಲ್ಲ ಎಂದು ದೂರು ವಿಭಾಗದಲ್ಲಿ ಕುಳಿತಿದ್ದ ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಪಂದ್ಯ ಎನ್ನುವುದಕ್ಕೆ ಅರ್ಥ ಬರುವುದು ಸರಿಸಮಾನರ ನಡುವೆ. ಕತ್ತಿ ತೀರ್ಪು ಕೊಡುವುದೂ ಅಲ್ಲೇ.

ಇನ್ನು ‘ಪುಕ್ಕಟೆ ಆಡುವವನಿಗೇನು ಹಕ್ಕು’ ಎಂಬ ಮಾತು. ಸರ್ವರ್ ನಡೆಸುವವರಿಗೆ, ಚಿತ್ರ ಬರೆಯುವವರಿಗೆ ಸಂಬಳ ಎಲ್ಲಿಂದಲೋ ಬರಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಬಲ ಮಾರುವ ಆಟದಲ್ಲಿ ನೀವು ಪುಕ್ಕಟೆ ಅತಿಥಿಯಲ್ಲ. ಕತ್ತಿ ಕೊಂಡವನಿಗೆ ಕತ್ತಿ ಬೀಸಲು ಒಬ್ಬ ಎದುರಾಳಿ ಬೇಕು. ಖಾಲಿ ಮೈದಾನದಲ್ಲಿ ಆ ಕತ್ತಿಗೆ ಯಾರು ದುಡ್ಡು ಕೊಡುತ್ತಾರೆ? ಅವನು ಕೊಂಡ ಸರಕಿನಲ್ಲಿ ನಿಮ್ಮ ಸೋಲೂ ಸೇರಿದೆ. ಅದನ್ನು ನೀವು ದಿನವೂ ಒದಗಿಸುತ್ತಿದ್ದೀರಿ, ಸಂಬಳವಿಲ್ಲದೆ.

ಬಲ ಮಾರದಿದ್ದರೆ ಕಂಪನಿ ಮುಚ್ಚಬೇಕಾಗುತ್ತದೆ ಎಂಬ ಸಬೂಬನ್ನೂ ನಂಬಬೇಡಿ. 2013ರಲ್ಲಿ ಬಂದ ಡೋಟಾ 2 ತನ್ನ ಎಲ್ಲ ಹೀರೋಗಳನ್ನೂ, ಅಂದರೆ ನಾವು ಆಡಿಸುವ ಪಾತ್ರಗಳನ್ನೂ, ಎಲ್ಲರಿಗೂ ಉಚಿತವಾಗಿ ಕೊಟ್ಟು, ವೇಷಭೂಷಣ ಮಾರಿ ಬದುಕಿದೆ. 2011ರಲ್ಲಿ ಉಚಿತವಾದ ಟೀಮ್ ಫೋರ್ಟ್ರೆಸ್ 2 ಟೋಪಿಗಳ ವ್ಯಾಪಾರಕ್ಕೇ ಹೆಸರಾಯಿತು. ಪಾಥ್ ಆಫ್ ಎಕ್ಸೈಲ್ ಕೂಡ ಇದೇ ದಾರಿಯದು. ಆದರೆ ಅದು ಸಾಮಾನು ಇಡುವ ಹೆಚ್ಚುವರಿ ಪೆಟ್ಟಿಗೆಗಳನ್ನೂ ಮಾರುತ್ತದೆ, ಆಟದಲ್ಲಿ ಮುಂದೆ ಹೋದಂತೆ ಆ ಪೆಟ್ಟಿಗೆಗಳಿಲ್ಲದೆ ಏಗುವುದು ಕಷ್ಟ. ಅಲಂಕಾರ ಮಾತ್ರ ಮಾರುತ್ತೇವೆ ಎನ್ನುವವರ ಅಂಗಡಿಯನ್ನೂ ಒಮ್ಮೆ ಹಿಂದಿನ ಕಪಾಟಿನವರೆಗೆ ನೋಡಿ ಬರುವುದು ಒಳ್ಳೆಯದು.

ಪ್ರಶ್ನೆ: ನಾನು ದುಡ್ಡು ಕೊಟ್ಟು ಆಡುವವನು, ನನ್ನ ಕಡೆಯ ಮಾತನ್ನೂ ಕೇಳಿ. ದುಡಿದು ಬಂದು, ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಸಿಕ್ಕರೆ ನನ್ನ ಪುಣ್ಯ. ಇಡೀ ದಿನ ಆಡುವವರು ಸಮಯ ಕೊಟ್ಟು ಪಡೆಯುವುದನ್ನು ನಾನು ಹಣ ಕೊಟ್ಟು ಪಡೆಯುತ್ತೇನೆ. ಅದಕ್ಕೆ ಮೋಸಗಾರ ಎನ್ನಿಸಿಕೊಳ್ಳಬೇಕೆ? ನಿಜವಾದ ಕ್ರೀಡೆಯಲ್ಲೂ ದುಡ್ಡಿದ್ದವನಿಗೇ ಒಳ್ಳೆಯ ಸಲಕರಣೆ ಸಿಗುವುದಲ್ಲವೇ?

ನೀವು ಮೋಸಗಾರರಲ್ಲ. ಅಂಗಡಿಯಲ್ಲಿಟ್ಟದ್ದನ್ನು ಬೆಲೆ ಕೊಟ್ಟು ಕೊಂಡಿರಿ. ನಿಮ್ಮನ್ನು ಬೈಯುವವರು ಬೈಯಬೇಕಾದ ವಿಳಾಸ ಬೇರೆ.

ಆದರೆ ‘ಅವರದು ಸಮಯ, ನನ್ನದು ಹಣ’ ಎಂಬ ತಕ್ಕಡಿ ನನಗೆ ಒಪ್ಪಿಗೆಯಿಲ್ಲ. ಆ ವಸ್ತು ಸಿಗಲು ಅಷ್ಟು ಸಮಯ ಬೇಕು ಎಂದು ತೀರ್ಮಾನಿಸಿದವರು ಯಾರು? 2017ರ ನವೆಂಬರಿನಲ್ಲಿ ಇಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಯಾಗುವುದರಲ್ಲಿತ್ತು. ಅದು ಉಚಿತ ಆಟವೂ ಅಲ್ಲ, ಪೂರ್ತಿ ಬೆಲೆ ತೆತ್ತು ಕೊಳ್ಳುವಂಥದ್ದು. ಅದರಲ್ಲಿ ಡಾರ್ತ್ ವೇಡರ್ ಎಂಬ ಹೀರೋ ಆಗಿ ಆಡಬೇಕಾದರೆ, ಆಡಿ ಗಳಿಸುವ 60,000 ಕ್ರೆಡಿಟ್ ಕೂಡಿಸಬೇಕಿತ್ತು. ಒಬ್ಬ ಹೀರೋಗೆ ಸುಮಾರು 40 ಗಂಟೆ ಆಡಬೇಕು ಎಂದು ಆಟಗಾರರು ಲೆಕ್ಕ ಹಾಕಿದರು. ಆ ದಾರಿ ಬೇಡವೆಂದರೆ ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳ ಅಡ್ಡದಾರಿ ಇತ್ತು. ಎಲ್ಲೆಡೆ ಛೀಮಾರಿ ಬಿತ್ತು. ಆಮೇಲೆ ಆದದ್ದನ್ನು ಗಮನಿಸಿ: 60,000 ಇದ್ದದ್ದು ಒಮ್ಮೆಲೇ 15,000 ಆಯಿತು. ಬಿಡುಗಡೆಯ ಹೊಸ್ತಿಲಲ್ಲಿ ಹಣ ಕೊಟ್ಟು ಕೊಳ್ಳುವುದನ್ನೇ ನಿಲ್ಲಿಸಿದರು. ಡಾರ್ತ್ ವೇಡರ್ ಮಾತ್ರ ಮೊದಲು ಹೇಗಿದ್ದನೋ ಹಾಗೇ ಇದ್ದ.

ಅಂಥ ಅಂಕಿಗಳನ್ನು ನಾನು ನನ್ನ ಕೈಯಿಂದಲೇ ಬದಲಿಸಿದ್ದೇನೆ. ಒಂದು ಕೋಷ್ಟಕ, ಅದರಲ್ಲೊಂದು ಸಾಲು, ಸಾಲಿನ ಕೊನೆಗೆ ಒಂದು ಸಂಖ್ಯೆ. ಅದನ್ನು ಎರಡು ಪಟ್ಟು ಮಾಡಿ ಉಳಿಸಿದರೆ ನಿಮ್ಮ ವಾರ ಎರಡು ವಾರವಾಗುತ್ತದೆ. ಕಾಫಿ ಕುಡಿದು ಮುಗಿಸುವುದರೊಳಗೆ ಆಗುವ ಕೆಲಸ. ನಿಮಗೆ ಸಮಯವಿಲ್ಲ ಎಂಬುದು ನಿಜ, ಆದರೆ ಇಲ್ಲಿ ಕೊರತೆಯನ್ನೂ ಅವರೇ ತಯಾರಿಸಿ, ಪರಿಹಾರವನ್ನೂ ಅವರೇ ಮಾರುತ್ತಿದ್ದಾರೆ. ಹಾದಿಗೆ ಮುಳ್ಳು ಹರಡಿ, ಪಕ್ಕದಲ್ಲೇ ಕುಳಿತು ಚಪ್ಪಲಿ ಮಾರುವ ಕಸುಬು ಇದು. ಚಪ್ಪಲಿ ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಒಂದೇ ಗಂಟೆ ಇರುವ ನಿಮಗೆ ಆ ಹಾದಿಯ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬರಬೇಕಿತ್ತು ಎಂದಷ್ಟೇ ನನ್ನ ಆಶ್ಚರ್ಯ.

ಕ್ರೀಡೆಯ ಮಾತಿಗೆ ಬಂದರೆ, 2009ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಈಜು ಚಾಂಪಿಯನ್‌ಷಿಪ್ ನೆನಪಿಸಿಕೊಳ್ಳಿ. ಮೈಗಂಟುವ ಪಾಲಿಯುರೆಥೇನ್ ಈಜುಡುಗೆಗಳ ಕಾಲ ಅದು. ಆ ಒಂದೇ ಕೂಟದಲ್ಲಿ 43 ವಿಶ್ವದಾಖಲೆಗಳು ಬಿದ್ದವು. ಗೆದ್ದದ್ದು ಈಜುಗಾರನೋ ಉಡುಗೆಯೋ ಎಂಬ ಅನುಮಾನ ಎಷ್ಟು ಬೆಳೆಯಿತೆಂದರೆ 2010ರ ಆರಂಭದಿಂದ ಅವುಗಳನ್ನು ನಿಷೇಧಿಸಿದರು. ಕ್ರೀಡೆಯಲ್ಲಿ ದುಡ್ಡಿನ ಪ್ರಭಾವ ಇದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಬೇಲಿ ಹಾಕುವ ಒಂದು ಸಂಸ್ಥೆಯೂ ಇದೆ, ಮತ್ತು ಆ ಸಂಸ್ಥೆ ಈಜುಡುಗೆ ಮಾರುವುದಿಲ್ಲ. ನಿಮ್ಮ ಆಟದಲ್ಲಿ ನಿಯಮ ಬರೆಯುವವನೂ ಅಂಗಡಿಯವನೂ ಒಬ್ಬನೇ.

ಆ ಒಬ್ಬನಿಗೂ ಇದು ತಿಳಿಯದ್ದೇನಲ್ಲ. ಕ್ಲಾಷ್ ರಾಯಲ್ ಎಂಬ ಆಟದಲ್ಲಿ ಹೋರಾಡಲು ಬಳಸುವ ಕಾರ್ಡುಗಳ ಮಟ್ಟ ಏರಿಸುವುದನ್ನು ಹಣ ಚುರುಕುಗೊಳಿಸುತ್ತದೆ. ಅದೇ ಆಟದ ಟೂರ್ನಮೆಂಟ್‌ಗಳಲ್ಲಿ ಮಾತ್ರ, ಒಂದು ಮಿತಿಗಿಂತ ಮೇಲಿನ ಕಾರ್ಡುಗಳನ್ನು ಆ ಮಿತಿಗೇ ಇಳಿಸುವ ನಿಯಮ ತಂದಿದ್ದರು. ಯಾರು ಜಾಣರು ಎಂದು ಖರೇ ತಿಳಿಯಬೇಕಾದಾಗ ತಾವು ಮಾರಿದ ಬಲವನ್ನು ತಾವೇ ಬದಿಗಿಡುತ್ತಾರೆ. ಇದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೇನು ಬೇಕು?

ಪ್ರಶ್ನೆ: ಆಂಟಿ, ನನಗೆ ಹದಿನಾಲ್ಕು ವರ್ಷ. ನನ್ನ ಆಟದಲ್ಲಿ ಪೆಟ್ಟಿಗೆ ತೆರೆದರೆ ಡ್ರ್ಯಾಗನ್ ಸಿಗುವ ಸಾಧ್ಯತೆ ಶೇಕಡಾ 1 ಎಂದು ಬರೆದಿದ್ದಾರೆ. ಹಾಗಾದರೆ ನೂರು ಪೆಟ್ಟಿಗೆ ತೆರೆದರೆ ಒಂದು ಖಂಡಿತ ಸಿಗುತ್ತದೆ, ಅಲ್ಲವೇ? ಅಪ್ಪ ಇಲ್ಲ ಎನ್ನುತ್ತಾರೆ.

ಅಪ್ಪ ಹೇಳಿದ್ದು ಸರಿ, ಪುಟ್ಟಾ. ಪೆಟ್ಟಿಗೆಗೆ ನೆನಪಿನ ಶಕ್ತಿ ಇಲ್ಲ. ನೀನು ತೊಂಬತ್ತೊಂಬತ್ತು ಸಲ ಬರಿಗೈಲಿ ಹೋಗಿದ್ದೀಯ ಎಂದು ನೂರನೆಯದಕ್ಕೆ ಗೊತ್ತಾಗುವುದಿಲ್ಲ. ಕ್ಯಾಲ್ಕ್ಯುಲೇಟರ್ ತೆಗೆದು 1 ಅನ್ನು 0.99ರಿಂದ ನೂರು ಸಲ ಗುಣಿಸು, ಸುಮಾರು 0.366 ಬರುತ್ತದೆ. ಅಂದರೆ ನಿನ್ನಂಥ ನೂರು ಮಂದಿ ತಲಾ ನೂರು ಪೆಟ್ಟಿಗೆ ತೆರೆದರೆ ಅವರಲ್ಲಿ ಹೆಚ್ಚುಕಡಿಮೆ 37 ಮಂದಿಗೆ ಡ್ರ್ಯಾಗನ್ ಇಲ್ಲ. ಇನ್ನೂರು ತೆರೆದರೂ ಸುಮಾರು 13 ಮಂದಿಗೆ ಇಲ್ಲ. ಕೆಲವು ಆಟಗಳಲ್ಲಿ ಇಷ್ಟನೆಯ ಪೆಟ್ಟಿಗೆಗೆ ಕೊಟ್ಟೇ ಕೊಡುತ್ತೇವೆ ಎಂಬ ನಿಯಮ ಇರುತ್ತದೆ. ಇದ್ದರೆ ಅದನ್ನು ಬರೆದಿರುತ್ತಾರೆ, ಹುಡುಕು.

ಬರೆದದ್ದೂ ನಿಜವೇ ಎಂಬುದು ಮುಂದಿನ ಪ್ರಶ್ನೆ. ದಕ್ಷಿಣ ಕೊರಿಯಾದ ಮೇಪಲ್‌ಸ್ಟೋರಿ ಆಟದಲ್ಲಿ ‘ಕ್ಯೂಬ್’ ಎಂಬ ವಸ್ತುವನ್ನು ಹಣಕ್ಕೆ ಮಾರುತ್ತಿದ್ದರು. ಅದನ್ನು ಬಳಸಿದರೆ ಆಯುಧದ ಗುಣ ಅದೃಷ್ಟದ ಮೇಲೆ ಬದಲಾಗುತ್ತಿತ್ತು. ಜನ ಹೆಚ್ಚು ಬಯಸುವ ಗುಣಗಳು ಬರುವ ಸಾಧ್ಯತೆಯನ್ನು ಕಂಪನಿ ಯಾರಿಗೂ ಹೇಳದೆ ತಗ್ಗಿಸಿತ್ತು, ಕೆಲವು ಜೋಡಣೆಗಳಂತೂ ಬರಲೇ ಸಾಧ್ಯವಿಲ್ಲದಂತೆ ಮಾಡಿತ್ತು ಎಂದು ಅಲ್ಲಿನ ವ್ಯಾಪಾರ ಆಯೋಗ ಹೇಳಿ, 2024ರ ಜನವರಿಯಲ್ಲಿ ನೆಕ್ಸಾನ್ ಕಂಪನಿಗೆ 1,160 ಕೋಟಿ ವಾನ್‌ನಷ್ಟು ದಂಡ ಹಾಕಿತು. ಎಷ್ಟು ತೆರೆದರೂ ಸಿಗದ ಡ್ರ್ಯಾಗನ್‌ಗಾಗಿ ಜನ ದುಡ್ಡು ಸುರಿಯುತ್ತಿದ್ದರು ಎಂದ ಹಾಗಾಯಿತು. ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ಕೊಳ್ಳುವ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು ಜೂಜು ಎಂದು ಪರಿಗಣಿಸಿತು. ಈ ಪುಟವನ್ನು ಅಪ್ಪನಿಗೂ ತೋರಿಸು.

ಪ್ರಶ್ನೆ: ಮಗಳು ಆಟದ ಪಾತ್ರಕ್ಕೆ ಉಡುಪು ಕೊಳ್ಳುತ್ತಾಳೆ. ‘ಬರೀ ಬಟ್ಟೆ ಅಮ್ಮ, ಗೆಲ್ಲಲು ಏನೂ ಸಹಾಯವಾಗುವುದಿಲ್ಲ, ಇದರಲ್ಲಿ ಯಾರಿಗೆ ಅನ್ಯಾಯ’ ಎಂದು ಕೇಳುತ್ತಾಳೆ. ನನಗೆ ಉತ್ತರ ಹೊಳೆಯುತ್ತಿಲ್ಲ.

ಎದುರಾಳಿಗೆ ಅನ್ಯಾಯವಿಲ್ಲ. ಮಗಳ ವಾದ ಅಷ್ಟರಮಟ್ಟಿಗೆ ಗಟ್ಟಿ, ಅದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಿ. ಅನ್ಯಾಯವಾಗುವುದಿದ್ದರೆ ಅವಳಿಗೇ ಆಗಬಹುದು. ಅಂಗಡಿಯ ಪುಟವನ್ನು ಇಬ್ಬರೂ ಒಟ್ಟಿಗೆ ಕುಳಿತು ನೋಡಿ. ಉಡುಪಿನ ಬೆಲೆ 1,200 ಜೆಮ್ (ಹಣ ಕೊಟ್ಟು ಕೊಳ್ಳುವ ಆಟದೊಳಗಿನ ನಾಣ್ಯ) ಎಂದಿದೆ ಎನ್ನಿ. ಜೆಮ್‌ಗಳು ಸಿಗುವುದು ಸಾವಿರದ ಕಟ್ಟಿನಲ್ಲಿ. ಎರಡು ಕಟ್ಟು ಕೊಂಡರೆ 800 ಉಳಿಯುತ್ತದೆ, ಇನ್ನೊಂದು ಉಡುಪಿಗೆ ಅದು ಸಾಲದು. ಉಳಿದದ್ದು ಹಾಳಾಗುತ್ತದಲ್ಲ ಎಂದು ಇನ್ನೊಂದು ಕಟ್ಟು. ಆ ಚಿಲ್ಲರೆ ಅಕಸ್ಮಾತ್ತಾಗಿ ಉಳಿಯುವುದಲ್ಲ, ಉಳಿಯಲೆಂದೇ ಬೆಲೆ ಹಾಗೆ ಇಡುವುದು. ಮೇಲೆ, ಉಡುಪು ಇನ್ನೆಷ್ಟು ಹೊತ್ತು ಸಿಗುತ್ತದೆ ಎಂದು ತೋರಿಸುವ ಒಂದು ಗಡಿಯಾರ ಓಡುತ್ತಿರುತ್ತದೆ. ದೂರು ವಿಭಾಗದಲ್ಲಿದ್ದಾಗ ನಾನು ಓದಿದ ಪತ್ರಗಳಲ್ಲಿ ‘ಬೆಲೆ ಜಾಸ್ತಿ’ ಎಂದವು ಕಡಿಮೆ. ‘ಇಷ್ಟು ಖರ್ಚಾಗಿದೆ ಎಂದು ಗೊತ್ತೇ ಆಗಲಿಲ್ಲ’ ಎಂದವೇ ರಾಶಿ.

ಫೋರ್ಟ್‌ನೈಟ್ ಕೂಡ ಹೆಚ್ಚಾಗಿ ಬಟ್ಟೆಯಂಥ ಅಲಂಕಾರ ಮಾರಿ ಬೆಳೆದ ಆಟ. ಆಟ ತೆರೆದುಕೊಳ್ಳುತ್ತಿರುವಾಗಲೋ, ಒಂದು ಉಡುಪನ್ನು ಸುಮ್ಮನೆ ನೋಡುವಾಗಲೋ ಒಂದೇ ಗುಂಡಿ ತಪ್ಪಿ ಒತ್ತಿದರೂ ಹಣ ಕಡಿತವಾಗುತ್ತಿತ್ತು ಎಂಬ ಆರೋಪದ ಮೇಲೆ, ಗ್ರಾಹಕರಿಗೆ ಹಿಂದಿರುಗಿಸಲು 24.5 ಕೋಟಿ ಡಾಲರ್ ಕೊಡಲು ಆ ಆಟದ ಕಂಪನಿ ಎಪಿಕ್ ಗೇಮ್ಸ್ 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಲ್ಲಿ ಒಪ್ಪಿತು.

ಮಗಳಿಗೆ ಬೇಡ ಎನ್ನಬೇಡಿ. ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ, ಖರೀದಿಗೆ ಪಾಸ್‌ವರ್ಡ್ ಹಾಕಿ, ಪ್ರತಿ ಉಡುಪಿನ ಮುಂದೆ ಜೆಮ್ ಬದಲು ನಿಜವಾದ ಹಣದ ಲೆಕ್ಕವನ್ನು ಅವಳ ಕೈಯಿಂದಲೇ ಬರೆಸಿ. ಆಮೇಲೂ ಬೇಕೆಂದರೆ ಕೊಳ್ಳಲಿ. ಇಷ್ಟದ ಬಟ್ಟೆ ತೊಡುವುದು ತಪ್ಪಲ್ಲ, ಪರದೆಯ ಮೇಲಾದರೂ ಸರಿ.

ಪ್ರಶ್ನೆ: ಏನನ್ನೂ ಮಾರದ, ನಿಜಕ್ಕೂ ಉಚಿತವಾದ ಆನ್‌ಲೈನ್ ಆಟ ಯಾವುದಾದರೂ ಇದೆಯೇ?

ಇದೆ. ಚದುರಂಗ ಬರುವುದಾದರೆ ಲಿಚೆಸ್. ದಾನದ ಹಣದಲ್ಲಿ ನಡೆಯುತ್ತದೆ, ಜಾಹೀರಾತೂ ಇಲ್ಲ. ಯುದ್ಧವೇ ಬೇಕೆಂದರೆ 2003ರಿಂದ ಸ್ವಯಂಸೇವಕರು ಬೆಳೆಸಿಕೊಂಡು ಬಂದಿರುವ ಬ್ಯಾಟಲ್ ಫಾರ್ ವೆಸ್ನಾತ್. ಅದರಲ್ಲಿ ಏಟು ತಗಲುವುದು ಬಿಡುವುದು ಅದೃಷ್ಟದ ಮೇಲಿದೆ, ಹಾಗಾಗಿ ಸೋತಾಗ ಸಿಟ್ಟು ಬರುವುದು ಅಲ್ಲೂ ತಪ್ಪಿದ್ದಲ್ಲ. ಬೈಯೋಣವೆಂದರೆ ಅಂಗಡಿ ಇರುವುದಿಲ್ಲ, ಅಷ್ಟೇ.