ಕತ್ತಲೆ ಹಾಲ್‌ಗೆ ಯಾವ ಗಿಡ?

ಪುಣೆಯ ವಾಕಡ್‌ನಲ್ಲಿ ಎರಡನೇ ಮಹಡಿ, ಕಿಟಕಿಗೆ ಅಡ್ಡ ಇನ್ನೊಂದು ಕಟ್ಟಡ, ಜೊತೆಗೆ ಎಸಿ. ಯಾವ ಗಿಡ ಉಳಿಯುತ್ತದೆ ಅಂತ ಕೇಳಿದ್ದೀರಿ. ಕಣ್ಣುಮುಚ್ಚಿ ಝಡ್‌ಝಡ್ ಪ್ಲಾಂಟ್ ತನ್ನಿ. ಆಲೂಗಡ್ಡೆಯಂಥ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಸ್ನೇಕ್ ಪ್ಲಾಂಟೂ ಗಟ್ಟಿ. ಮನಿ ಪ್ಲಾಂಟ್ ಬದುಕುತ್ತದೆ, ಆದರೆ ಎಲೆಯ ಹಳದಿ ಮಚ್ಚೆ ಮಾಸಬಹುದು. ಫರ್ನ್ ಆಸೆ ಬಿಡಿ, ಏಪ್ರಿಲ್‌ನ ಪುಣೆ ಗಾಳಿಗೆ ತುದಿಯಿಂದ ಒಣಗುತ್ತಾ ಬರುತ್ತದೆ.

ಒಣಗಾಳಿ ಅಂತ ದಿನಾ ನೀರು ಸುರಿಯಬೇಡಿ. ಬೆಳಕು ಕಮ್ಮಿ ಇದ್ದರೆ ಗಿಡ ಕುಡಿಯುವುದೂ ಕಮ್ಮಿ, ಬೇರು ಕೊಳೆಯುತ್ತದೆ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಅಲ್ಲೂ ಮಣ್ಣು ಒಣಗಿದ್ದರೆ ಮಾತ್ರ ಹಾಕಿ. ಮಳೆಗಾಲದಲ್ಲಿ ಇನ್ನೂ ಕಮ್ಮಿ ಸಾಕು. ಅಂದ ಹಾಗೆ, ಮನೆಯಲ್ಲಿ ಬೆಕ್ಕಿದೆಯಾ? ಹಾಗಿದ್ದರೆ ಈ ಮೂರೂ ಬೇಡ, ಕಚ್ಚಿ ತಿಂದರೆ ವಿಷ. ಬೆಕ್ಕಿಗೆ ವಿಷವಲ್ಲದ, ಕಮ್ಮಿ ಬೆಳಕಲ್ಲೂ ಬದುಕುವ ಆಸ್ಪಿಡಿಸ್ಟ್ರಾ ಗಿಡ ಸಿಗುತ್ತದಾ ನರ್ಸರಿಯಲ್ಲಿ ವಿಚಾರಿಸಿ.