ಉತ್ತರ: ಮಾಲೂರಿನಲ್ಲಿ ಹಾಕಿದ ನೀಲಗಿರಿ ಕಂಬದ ಬೇಲಿ 2 ವರ್ಷಕ್ಕೇ ವಾಲಿದೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಕಂಬ ಮೇಲೆ ಗಟ್ಟಿಯಿದ್ದು ನೆಲಮಟ್ಟದಲ್ಲೇ ಮುರಿಯುತ್ತಿದೆ ಅಂದರೆ ಬಹುಮಟ್ಟಿಗೆ ಗೆದ್ದಲು. ಬುಡ ಕೆರೆದು ನೋಡಿ: ಒಳಗೆ ಮಣ್ಣು ತುಂಬಿದ್ದರೆ ಗೆದ್ದಲೇ, ಒದ್ದೆಯಾಗಿ ಮೆತ್ತಗಿದ್ದರೆ ನೀರು ನಿಂತು ಕೊಳೆತಿರಬಹುದು. ಎರಡಕ್ಕೂ ಉಪಾಯ ಒಂದೇ, ಮರ ಮಣ್ಣಿಗೆ ತಾಗಬಾರದು. ವೇಸ್ಟ್ ಆಯಿಲ್ ಬಳಿಯುವುದು ದುಡ್ಡು ದಂಡ.

ಕಂಬದ ಹಾಳಾದ ಬುಡ ಕುಯ್ದು ಹಾಕಿ, ಗಟ್ಟಿ ಭಾಗ ಇಟ್ಟುಕೊಳ್ಳಿ. ಇನ್ನು ಹೂಳುವುದಿಲ್ಲವಾದ್ದರಿಂದ ಎತ್ತರ ಸಾಲುತ್ತದೆ. 2 ಅಡಿ ಆಳದ ಗುಂಡಿಯಲ್ಲಿ 4 ಅಡಿ ಉದ್ದದ ಜಿಐ ಆಂಗಲ್ (ಸತು ಲೇಪಿಸಿದ, L ಆಕಾರದ ಕಬ್ಬಿಣದ ಪಟ್ಟಿ) ನಿಲ್ಲಿಸಿ, ತೂಕದ ಗುಂಡು ಹಿಡಿದು ನೇರ ನೋಡಿ, 1:2:4 ಕಾಂಕ್ರೀಟ್ (1 ಪಾಲು ಸಿಮೆಂಟ್, 2 ಪಾಲು ಮರಳು, 4 ಪಾಲು ಜಲ್ಲಿ) ತುಂಬಿ. ಕಾಂಕ್ರೀಟಿನ ತಲೆ ಹೊರಕ್ಕೆ ಇಳಿಜಾರಾಗಿರಲಿ, ಮೇಸ್ತ್ರಿಗಳು ಇದನ್ನೇ ಮರೆಯುವುದು. 7 ದಿನ ನೀರು ಹಾಕಿ. ಆಮೇಲೆ ನೆಲದಿಂದ 2 ಇಂಚು ಮೇಲಕ್ಕೆ ಕಂಬವನ್ನು ಆಂಗಲ್‌ಗೆ ಹಿಡಿದು, ಒಂದೊಂದಕ್ಕೂ 2 ಬೋಲ್ಟ್ ಬಿಗಿಯಿರಿ.