ಅಪ್ಪ ಹಾಸಿಗೆ ಹಿಡಿದಿದ್ದಾರೆ, ನನಗೆ ಇನ್ನೂ ಟಿವಿಎಸ್ ಸದ್ದು ಕೇಳಿದರೆ ಭಯ

ಗೌರಿ ಹಬ್ಬ ಹತ್ತಿರ ಬಂತು ಅಂದರೆ ನನ್ನ ಮೇಜಿನ ಮೇಲೆ ಒಂದೇ ಥರದ ಪತ್ರಗಳು ಸೇರುತ್ತವೆ. ತವರಿಗೆ ಹೋಗಲೇಬೇಕಾ? ಹೊರಡುವ ವಾರ ಮೊದಲೇ ಹೊಟ್ಟೆ ಯಾಕೆ ಕೆಡುತ್ತೆ? ಹೋಗದಿದ್ದರೆ ಪಾಪ ಬರುತ್ತಾ? ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಅಂತ ಗಾದೆ ಹೇಳಿ ನಾವು ಸುಮ್ಮನಾಗುತ್ತೇವೆ. ಮೂವತ್ತು ವರ್ಷ ಆದಮೇಲೆ ಆ ಕೂಸು ಏನಾಯಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಪತ್ರ ಬರೆಯುವುದು ಆ ಕೂಸೇ. ಈ ಸಲ ಒಂದು ಪತ್ರಕ್ಕೆ ಉದ್ದ ಉತ್ತರ ಇದೆ. ಮಿಕ್ಕವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 39 ವರ್ಷ. ಊರು ಮದ್ದೂರು ತಾಲ್ಲೂಕು, ಈಗ ಮೈಸೂರಿನಲ್ಲಿದ್ದೇವೆ. ಅಪ್ಪ ಕುಡಿಯದ ದಿನವೂ ಹೊಡೆಯುತ್ತಿದ್ದರು. ಬೆಲ್ಟು, ಕಬ್ಬಿನ ಜಲ್ಲೆ, ಕೈಗೆ ಸಿಕ್ಕಿದ್ದರಲ್ಲಿ. ಅಮ್ಮನಿಗೂ ಬೀಳುತ್ತಿತ್ತು. ನನ್ನ ಮದುವೆಯಾಗಿ 16 ವರ್ಷ, ಗಂಡ ಒಳ್ಳೆಯವರು. ಆದರೂ ಬೀದಿಯಲ್ಲಿ ಟಿವಿಎಸ್ ಸದ್ದು ಕೇಳಿದರೆ ಕೈಕಾಲು ತಣ್ಣಗಾಗುತ್ತದೆ. ಪಾತ್ರೆ ಬಿದ್ದರೆ ಬೆಚ್ಚಿಬೀಳುತ್ತೇನೆ. ಯಾರಾದರೂ ದನಿ ಏರಿಸಿದರೆ ತಪ್ಪು ನನ್ನದೇ ಅನ್ನಿಸುತ್ತದೆ. ಅಮ್ಮ ತೀರಿಕೊಂಡರು. ಅಪ್ಪನಿಗೆ ಈಗ ಲಕ್ವ ಹೊಡೆದಿದೆ. ತಮ್ಮ ಊರಲ್ಲೇ ಇದ್ದಾನೆ. ‘ವಯಸ್ಸಾದ ಜೀವ, ಕ್ಷಮಿಸಿ ಕರ್ಕೊಂಡು ಹೋಗಿ ನೋಡ್ಕೋ, ನಿನ್ನ ಮನಸ್ಸೂ ಹಗುರ ಆಗುತ್ತೆ’ ಅಂತ ಸೋದರತ್ತೆ, ದೊಡ್ಡಪ್ಪ ಎಲ್ಲರೂ ಹೇಳುತ್ತಾರೆ. ಕ್ಷಮಿಸಿದರೆ ಈ ಭಯ ಹೋಗುತ್ತಾ ಡಾಕ್ಟ್ರೇ?

ಉತ್ತರ: ಹೋಗಲ್ಲ ತಾಯಿ.

ನಿಮ್ಮ ಭಯ ಅಪ್ಪನ ಮೇಲಿನ ಸಿಟ್ಟಿನಲ್ಲಿ ಕೂತಿಲ್ಲ. ಮೈಯಲ್ಲಿ ಕೂತಿದೆ. ಆರೇಳು ವರ್ಷದ ಹುಡುಗಿ ತಿರುವಿನಲ್ಲಿ ಗಾಡಿ ಸದ್ದು ಕೇಳಿದ ಕೂಡಲೇ ಇವತ್ತು ಹೇಗಿದ್ದಾರೆ ಅಂತ ಅಳೆಯುವುದನ್ನು ಕಲಿಯುತ್ತಾಳೆ. ಸ್ಟ್ಯಾಂಡ್ ಹಾಕಿದ ರಭಸ, ಚಪ್ಪಲಿ ಬಿಟ್ಟ ರೀತಿ, ಕೆಮ್ಮು, ಎಲ್ಲಕ್ಕೂ ಒಂದೊಂದು ಅರ್ಥ. ಹಿತ್ತಲಿಗೆ ಓಡಬೇಕಾ, ಪುಸ್ತಕ ಹಿಡಿದು ಕೂರಬೇಕಾ ಅಂತ ಅದರಲ್ಲೇ ತೀರ್ಮಾನ. ಆ ಕಲಿಕೆ ನಿಮ್ಮನ್ನು ಎಷ್ಟೋ ಏಟಿನಿಂದ ಉಳಿಸಿದೆ. ಮೆದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಭಾಗ ಇದೆ. ಅಪಾಯದ ಗಂಟೆ ಬಾರಿಸುವುದರಲ್ಲಿ ಅದರದ್ದು ದೊಡ್ಡ ಪಾತ್ರ. ಅದಕ್ಕೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಾರೆ ಅನ್ನುವುದು ನಿಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ.

ಒಂದು ಅಪಘಾತದಿಂದ ಆಗುವ ಆಘಾತ ಬೇರೆ, ತಪ್ಪಿಸಿಕೊಳ್ಳಲಾಗದ ಮನೆಯಲ್ಲಿ ವರ್ಷಗಟ್ಟಲೆ ಪೆಟ್ಟು ತಿಂದು ಆಗುವುದು ಬೇರೆ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಇದನ್ನು 1992ರಲ್ಲೇ ಬಿಡಿಸಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಗೆ ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ (ಆಘಾತದ ನಂತರ ಉಳಿದುಬಿಡುವ ಸಂಕೀರ್ಣ ಮನೋಕಾಯಿಲೆ) ಅನ್ನುವ ಹೆಸರಿನಲ್ಲಿ ಅದು ಸೇರಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಮೂವತ್ತು ವರ್ಷ! ಇದರಲ್ಲಿ ಬೆಚ್ಚಿಬೀಳುವುದು, ಹಳೆಯದು ಕಣ್ಣೆದುರು ಬರುವುದು ಮಾತ್ರ ಅಲ್ಲ. ನಾನು ಯಾತಕ್ಕೂ ಬಾರದವಳು ಅನ್ನಿಸುವುದು, ಸಿಟ್ಟು-ಅಳು ಹಿಡಿತಕ್ಕೆ ಸಿಗದಿರುವುದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲು ಆಗದಿರುವುದು ಕೂಡ ಇವೆ. ‘ತಪ್ಪು ನನ್ನದೇ ಅನ್ನಿಸುತ್ತದೆ’ ಅಂದಿರಲ್ಲ, ಅದು ನಿಮ್ಮ ಗುಣ ಅಂದುಕೊಳ್ಳಬೇಡಿ. ಗಾಯದ ಗುರುತು ಇರಬಹುದು. ಇರಬಹುದು ಅಂತಷ್ಟೇ ಹೇಳುತ್ತೇನೆ. ಪತ್ರ ಓದಿ ಕಾಯಿಲೆ ಹೆಸರಿಸುವ ವೈದ್ಯರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ಈಗ ಕ್ಷಮೆಯ ವಿಷಯ. ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಕ್ಷಮಿಸು ಅನ್ನುವ ನೆಂಟರಲ್ಲಿ ಜಾಸ್ತಿ ಜನ ಅವತ್ತು ಪಕ್ಕದ ಗೋಡೆಯಾಚೆಯೇ ಇದ್ದವರು. ಕೂಗು ಕೇಳಿಸಿತ್ತು. ‘ಅವರ ಮನೆ ವಿಷಯ’ ಅಂತ ಬಾಗಿಲು ಹಾಕಿಕೊಂಡರು. ಕ್ಷಮೆ ತಾನಾಗಿ ಬಂದರೆ ಬರಲಿ, ಬೇಡ ಅನ್ನಲ್ಲ. ಆದರೆ ಅದು ಚಿಕಿತ್ಸೆ ಅಲ್ಲ. ಕ್ಷಮಿಸದೆಯೂ ಗುಣವಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಾನೂ ಒಂದು ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರಿಗೆ ‘ಒಂದ್ಸಲ ಹೋಗಿ ಅಪ್ಪನ್ನ ಮಾತಾಡಿಸಿ ಬನ್ನಿ’ ಅಂದಿದ್ದೆ. ಹೋದರು. ಬಂದವರು ಮೂರು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಅಲ್ಲಿಗೆ ಆ ಸಲಹೆ ಕೊಡುವುದನ್ನು ಬಿಟ್ಟೆ. ನನ್ನದು ಅತಿ ಎಚ್ಚರಿಕೆ ಅಂತ ಜೊತೆಯ ವೈದ್ಯರು ಛೇಡಿಸುತ್ತಾರೆ. ಛೇಡಿಸಲಿ.

ಹಾಗಾದರೆ ಅಪ್ಪನನ್ನು ನೋಡಿಕೊಳ್ಳುವವರು ಯಾರು? ಹೆತ್ತವರ ಜೀವನಾಂಶದ 2007ರ ಕಾಯ್ದೆಯಲ್ಲಿ ಮಗಳಿಗೂ ಮಗನಷ್ಟೇ ಜವಾಬ್ದಾರಿ ಇದೆ, ನಿಜ. ಊಟ, ಬಟ್ಟೆ, ಇರಲು ಜಾಗ, ಔಷಧಿ. ಇಷ್ಟಕ್ಕೆ ಆ ಕಾಯ್ದೆಯಲ್ಲಿ ಹೇಳಿರುವ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಪ್ರೀತಿಯನ್ನು ಕಾನೂನು ಕೇಳುವುದಿಲ್ಲ. ನಿಮ್ಮ ಮನೆಯ ನಡುಕೋಣೆಯಲ್ಲಿ ಮಂಚ ಹಾಕಿಸು ಅಂತಲೂ ಕೇಳುವುದಿಲ್ಲ. ತಮ್ಮನ ಜೊತೆ ಕೂತು ಖರ್ಚು ಹಂಚಿಕೊಳ್ಳಿ. ಊರಲ್ಲೇ ಸಂಬಳಕ್ಕೆ ಒಬ್ಬರನ್ನು ನೇಮಿಸಿ. ನೋಡಲೇಬೇಕು ಅನ್ನಿಸಿದರೆ ಗಂಡನ ಜೊತೆ ಹೋಗಿ, ಅರ್ಧ ಗಂಟೆ ಇದ್ದು ಬನ್ನಿ. ಹಿಂದಿರುಗುವ ಬಸ್ಸಿನ ಸಮಯ ಮೊದಲೇ ಗೊತ್ತಿರಲಿ. ರಾತ್ರಿ ಉಳಿಯಬೇಡಿ. ಹೋಗದೆ ಇದ್ದರೂ ನಾನು ನಿಮ್ಮನ್ನು ಕೆಟ್ಟ ಮಗಳು ಅನ್ನುವುದಿಲ್ಲ.

ಗಾಡಿ ಸದ್ದಿಗೆ ಎದೆ ಹೊಡೆದುಕೊಂಡಾಗ ಕಣ್ಣು ಮುಚ್ಚಿ ಧ್ಯಾನ ಮಾಡಿ ಅಂತ ಹೇಳುವವರು ಸಿಗುತ್ತಾರೆ. ಮೈಸೂರಿನಲ್ಲಿ ಕೂತು ಇದನ್ನು ಬೇಡ ಅನ್ನುವುದು ಕಷ್ಟ, ಆದರೂ ಹೇಳುತ್ತೇನೆ: ಇಂಥ ಆಘಾತ ಉಂಡವರಲ್ಲಿ ಕೆಲವರಿಗೆ ಕಣ್ಣು ಮುಚ್ಚಿದರೆ ಭಯ ಇನ್ನೂ ಜಾಸ್ತಿ ಆಗುತ್ತದೆ. ಕಣ್ಣು ತೆರೆದೇ ಇರಿ. ಬರಿಗಾಲನ್ನು ನೆಲಕ್ಕೆ ಒತ್ತಿ. ಇವತ್ತಿನ ತಾರೀಖು, ನಿಮ್ಮ ವಯಸ್ಸು, ಈ ಮನೆಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಇದು ಆ ಹೊತ್ತಿಗೆ ಮಾತ್ರ. ನಿಜವಾದ ಕೆಲಸ ಚಿಕಿತ್ಸಕರ ಜೊತೆ ಆಗಬೇಕು. ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮನೋವೈದ್ಯ ವಿಭಾಗ ಇದೆ. ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣಿನ ಚಲನೆ ಬಳಸಿ ಹಳೆಯ ನೆನಪಿನ ತೀವ್ರತೆ ತಗ್ಗಿಸುವ ಚಿಕಿತ್ಸೆ) ಕಲಿತವರು ಯಾರಿದ್ದಾರೆ ಅಂತ ಅಲ್ಲಿ ಕೇಳಿ. ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲ ದಿನವೇ ಎಲ್ಲ ಕಥೆ ಹೇಳಿ ಅಂತ ಒತ್ತಾಯಿಸುವವರಿದ್ದರೆ ಎದ್ದು ಬನ್ನಿ.

ಪ್ರಶ್ನೆ: ಮಗನಿಗೆ 27. ಅವರಪ್ಪನ ಗಲಾಟೆ ನೋಡಿ ಬೆಳೆದವನು, ಯಾರ ಜೊತೆಗೂ ಸೇರಲ್ಲ. ಮದುವೆ ಮಾಡಿದರೆ ಸರಿಹೋಗುತ್ತಾನಾ?

ಉತ್ತರ: ಇಲ್ಲ. ಬೇರೆಯವರ ಮಗಳು ಮಾತ್ರೆಯಲ್ಲ.

ಪ್ರಶ್ನೆ: ಮೆಡಿಕಲ್ ಶಾಪಿನವರು ಕೊಟ್ಟ ನಿದ್ದೆ ಮಾತ್ರೆಯಲ್ಲಿ ಆರಾಮಾಗಿದ್ದೇನೆ. ಮನೋವೈದ್ಯರ ಮಾತ್ರೆ ಚಟ ಆಗುತ್ತಂತೆ?

ಉತ್ತರ: ಉಲ್ಟಾ ತಿಳಿದಿದ್ದೀರಿ. ಅಲ್ಪ್ರಾಜೋಲಾಮ್ ಥರದ ನಿದ್ದೆ ಮಾತ್ರೆಯೇ ಚಟ ಹಿಡಿಸುವುದು. ಖಿನ್ನತೆ, ಆತಂಕಕ್ಕೆ ಮನೋವೈದ್ಯರು ಕೊಡುವ ಸರ್ಟ್ರಲಿನ್ ಥರದ್ದಕ್ಕೆ ಆ ಚಟ ಇಲ್ಲ, ಕೆಲಸ ಶುರುವಾಗಲು ಕೆಲವು ವಾರ ಬೇಕು. ಎರಡನ್ನೂ ದಿಢೀರ್ ಅಂತ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ಇಳಿಸಿ.

ಪ್ರಶ್ನೆ: ಅಕ್ಕ ಗಂಡನ ಮನೆಯಿಂದ ಬಂದಾಗಿನಿಂದ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಕೂತುಬಿಡುತ್ತಾಳೆ. ಗಾಳಿ ಸೋಕಿದೆ, ಬಿಡಿಸುತ್ತೇನೆ ಅಂತ ಒಬ್ಬರು ಬಂದಿದ್ದಾರೆ.

ಉತ್ತರ: ಮೊದಲು ಅವನನ್ನು ಮನೆಯಿಂದ ಬಿಡಿಸಿ. ತೀರಾ ಭಯವಾದಾಗ ಮನಸ್ಸು ಮರಗಟ್ಟುತ್ತದೆ, ಜೀವ ಉಳಿಸಿಕೊಳ್ಳುವ ದಾರಿ ಅದು. ಫಿಟ್ಸ್ ಅಲ್ಲವಾ ಅಂತ ವೈದ್ಯರು ನೋಡಲಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಏಟು ತಿಂದು ಹೀಗಾದವಳಿಗೆ ಬೇವಿನ ಬರಲಿನಲ್ಲಿ ಮತ್ತೆ ಏಟಾ? ಎರಡೇ ದಿನದ ಶಿಬಿರದಲ್ಲಿ ಬಾಲ್ಯದ ನೋವು ಅಳಿಸುತ್ತೇವೆ ಅಂತ ಸಾವಿರಾರು ರೂಪಾಯಿ ಕೀಳುವ ಇಂಗ್ಲಿಷ್ ಮಾತಿನವರೂ ನನ್ನ ಲೆಕ್ಕದಲ್ಲಿ ಇದೇ ಸಾಲಿನವರು.

ಪ್ರಶ್ನೆ: ಮದುವೆಯಾಗಿಲ್ಲ, ಅಣ್ಣ ಹೊಡೆಯುತ್ತಾನೆ. ಕೌಟುಂಬಿಕ ಹಿಂಸೆ ಕಾಯ್ದೆ ಹೆಂಡತಿಯರಿಗೆ ಮಾತ್ರ ಅಲ್ವಾ?

ಉತ್ತರ: ಅಲ್ಲ. 2005ರ ಕಾಯ್ದೆ ಒಂದೇ ಮನೆಯಲ್ಲಿರುವ ತಂಗಿ, ಮಗಳು, ತಾಯಿಗೂ ಅನ್ವಯ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯಡಿ ದೂರು ತೆಗೆದುಕೊಳ್ಳುವ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಈಗಲೇ ಹೊಡೆಯುತ್ತಿದ್ದರೆ 112. ಬರೀ ಮಾತಾಡಲು ಯಾರಾದರೂ ಬೇಕಿದ್ದರೆ 14416, ಸರ್ಕಾರದ ಮನೋ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನಮ್ಮಪ್ಪನ ಥರಾನೇ ನಾನೂ ಮೊನ್ನೆ ಮಗನಿಗೆ ಹೊಡೆದುಬಿಟ್ಟೆ. ಇದು ರಕ್ತದಲ್ಲೇ ಬರುತ್ತಾ?

ಉತ್ತರ: ರಕ್ತದ ಮೇಲೆ ಹಾಕಬೇಡಿ. ಹಿಂಸೆ ಉಂಡು ಬೆಳೆದವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳಿಗೆ ಅದೇ ಥರ ಹಿಂಸೆ ಕೊಡುವುದಿಲ್ಲ. ಇವತ್ತು ರಾತ್ರಿ ಮಗನ ಪಕ್ಕ ಕೂತು ‘ಹೊಡೆದದ್ದು ನನ್ನ ತಪ್ಪು, ನಿಂದಲ್ಲ’ ಅನ್ನಿ. ‘ಆದ್ರೆ ನೀನೂ...’ ಅಂತ ಮುಂದುವರಿಸಬೇಡಿ, ಅಲ್ಲಿಗೇ ನಿಲ್ಲಿಸಿ. ಆಮೇಲೆ ಬಂದು ತೋರಿಸಿಕೊಳ್ಳಿ. ಮಗನನ್ನು ಕರೆತರುವುದು ಬೇಡ, ನೀವೊಬ್ಬರೇ ಬನ್ನಿ.